ಸರ್ಕಾರಿ ಯೋಜನೆಯ ಸರಿಯಾದ ಮಾಹಿತಿಯನ್ನು ಗೂಗಲ್‌ನಲ್ಲಿ ಹುಡುಕುವುದು ಹೇಗೆ?

ಸುಮ್ನೆ ‘ಗೃಹಲಕ್ಷ್ಮಿ’ ಅಂತ ಹುಡುಕಿದರೆ ‘ಹಣ ಬಂತಾ, ಈಗಲೇ ಚೆಕ್ ಮಾಡಿ’ ಎನ್ನುವ ವಿಡಿಯೊಗಳೇ ಜಾಸ್ತಿ ಬರುತ್ತವೆ, ಅಲ್ವಾ? ಹೀಗೆ ಮಾಡಿ. ಹುಡುಕುವ ಪದದ ನಂತರ ಒಂದು ಜಾಗ ಬಿಟ್ಟು, ಇಂಗ್ಲಿಷ್ ಅಕ್ಷರಗಳಲ್ಲಿ ‘ಸೈಟ್’ ಎಂದು ಬರೆದು ಕೋಲನ್ ಹಾಕಿ. ಅದಕ್ಕೆ ಅಂಟಿಸಿಯೇ ‘ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ಎಂದು ಸೇರಿಸಿ. ಆಗ ರಾಜ್ಯ ಸರ್ಕಾರದ ಪುಟಗಳಷ್ಟೇ ಸಿಗುತ್ತವೆ. ಏನೂ ಸಿಗದಿದ್ದರೆ ಯೋಜನೆಯ ಹೆಸರನ್ನೂ ಇಂಗ್ಲಿಷಿನಲ್ಲಿ ಬರೆದು ನೋಡಿ.

ಬೇರೆ ಕಡೆಯಿಂದ ಬಂದ ಲಿಂಕ್ ಆದರೆ ವಿಳಾಸದ ಆರಂಭದಲ್ಲಿ ‘ಎಚ್‌ಟಿಟಿಪಿಎಸ್’ ಜೊತೆಗಿರುವ ಜೋಡಿ ಓರೆಗೆರೆ (//) ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಯ (/) ಹಿಂದಿನ ಭಾಗ ನೋಡಿ. ಅದು ‘ಡಾಟ್ ಜಿಒವಿ ಡಾಟ್ ಇನ್’ ಎಂದೇ ಮುಗಿಯಬೇಕು. ನಡುವೆ ಎಲ್ಲೋ ‘ಜಿಒವಿ’ ತುರುಕಿದ್ದರೆ ನಂಬಬೇಡಿ. ದಿನಾಂಕವನ್ನೂ ನೋಡಿ, ಸರ್ಕಾರಿ ಪುಟಗಳೂ ಹಳಸಿರುತ್ತವೆ!