ಹೊಸಬರು ಎರಡನೇ ಸುತ್ತಿಗೇ ಎದ್ದು ಹೋಗುವುದು ಯಾಕೆ?

ಹೊಸ ಕಾರ್ಡ್ ಆಟಗಳನ್ನು ರೂಪಿಸುವವರಿಂದ ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ಪ್ರಶ್ನೆ. ಈ ಸಲ ಅದನ್ನು ಪೂರ್ತಿ ಮುಗಿಸಿಬಿಡುತ್ತೇನೆ.

ಪ್ರಶ್ನೆ: ನಾನು ಮಾಡಿದ ಆಟ ಗೆಳೆಯರಿಗೆಲ್ಲ ತುಂಬಾ ಇಷ್ಟ. ಆದರೆ ಹೊಸಬರು ಎರಡನೇ ಸುತ್ತಿಗೇ ಸುಸ್ತಾಗುತ್ತಾರೆ. ನಿಯಮ 12 ಪುಟ ಇದೆ. ವಿಡಿಯೋ ಮಾಡಿದರೆ ಸರಿಹೋಗುತ್ತಾ?

ಇಲ್ಲ. ಆ 12 ಪುಟವನ್ನು ಓದುವ ಬದಲು ನೋಡಬೇಕಾಗುತ್ತದೆ, ಅಷ್ಟೇ. ಗೆಳೆಯರಿಗೆ ಆಟ ಹೇಳಿಕೊಟ್ಟವರು ನೀವೇ ಅಲ್ವಾ? ಅಂಗಡಿಯಲ್ಲಿ ಡಬ್ಬಿ ಕೊಂಡವರ ಪಕ್ಕ ನೀವು ಕೂತಿರುವುದಿಲ್ಲ.

ನಮ್ಮ 'ಇಪ್ಪತ್ತೆಂಟು' ಅನ್ನುವ ಇಸ್ಪೀಟ್ ಆಟವನ್ನೇ ತಗೊಳ್ಳಿ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೆ 1, ಹತ್ತಕ್ಕೆ 1. ಒಂದೊಂದು ಗುರುತಿನಲ್ಲಿ 7, ಇಸ್ಪೀಟು, ಆಟೀನು ಮುಂತಾದ ನಾಲ್ಕೂ ಗುರುತು ಸೇರಿ 28. ರಾಜ, ರಾಣಿಗೆ ಸೊನ್ನೆ. ನನಗೆ ಪ್ರಾಣವಾದ ಆಟ ಅದು. ಅಲ್ಲಿಯವರೆಗೆ ರಮ್ಮಿ ಮಾತ್ರ ಆಡಿದ್ದ ಹುಡುಗಿಯೊಬ್ಬಳಿಗೆ ಒಮ್ಮೆ ಕಲಿಸುತ್ತಿದ್ದೆ. ಎದುರಾಳಿ ತುರುಪು ಹೊಡೆದಿದ್ದ, ಆ ಸುತ್ತಿನ ಅಂಕವೆಲ್ಲ ಅವನಿಗೇ ಹೋಗುವುದಿತ್ತು. ಇವಳು ರಾಜನನ್ನು ಭದ್ರವಾಗಿ ಉಳಿಸಿಕೊಂಡು ಗುಲಾಮನನ್ನು ಬಿಸಾಡಿದಳು. ದಡ್ಡಿ ಏನಲ್ಲ. ಎಲೆ ನೋಡಿದರೆ ರಾಜನೇ ದೊಡ್ಡವನು. ನಾನು ಪೆನ್ನು ತಗೊಂಡು ಪ್ರತಿ ಎಲೆಯ ಎಡಗಡೆ ಮೇಲಿನ ಮೂಲೆಯಲ್ಲಿ ಅಂಕ ಬರೆದೆ. ಎಲೆಗಳನ್ನು ಬೀಸಣಿಗೆ ಥರ ಹಿಡಿದಾಗ ಕಾಣುವುದು ಆ ಮೂಲೆ ಮಾತ್ರ. ಆಮೇಲೆ ಅವಳು ಅಂಕದ ಬಗ್ಗೆ ಒಂದು ಮಾತೂ ಕೇಳಲಿಲ್ಲ.

2012ರಲ್ಲಿ ಜಪಾನಿನ ಸೇಜಿ ಕನಾಯ್ 'ಲವ್ ಲೆಟರ್' ಆಟ ತಂದರು. ಆಗ ಅದರಲ್ಲಿ ಇದ್ದದ್ದು 16 ಕಾರ್ಡ್ ಮಾತ್ರ. ಒಂದು ಎತ್ತಿಕೋ, ಒಂದು ಹಾಕು, ಹಾಕಿದ ಕಾರ್ಡ್ ಹೇಳಿದಂತೆ ಮಾಡು. ಮೊದಲ ಸರದಿಗೆ ಇಷ್ಟು ಸಾಕು. ಉಳಿದದ್ದು ಆ ಕಾರ್ಡ್ ಕೈಗೆ ಬಂದಾಗ ತಾನಾಗೇ ಗೊತ್ತಾಗುತ್ತದೆ.

ನೀವೂ ಹಾಗೇ ಮಾಡಿ. ಮೊದಲ ಸರದಿಗೆ ಬೇಡದ ನಿಯಮವನ್ನೆಲ್ಲ ಆಯಾ ಕಾರ್ಡಿನ ಮೇಲೆ ಹಾಕಿ. ವಿಶೇಷ ಕಾರ್ಡುಗಳನ್ನು ಬೇರೆ ಕಟ್ಟಿ, 'ಎರಡನೇ ಆಟದಿಂದ ಸೇರಿಸಿ' ಅಂತ ಬರೆಯಿರಿ. ಆಮೇಲೆ ಆಟವನ್ನು ನೋಡೇ ಇರದವರ ಕೈಗೆ ಡಬ್ಬಿ ಕೊಟ್ಟು ಮೂಲೆಯಲ್ಲಿ ಕೂತುಕೊಳ್ಳಿ. ಬಾಯಿ ಬಿಡಬೇಡಿ. ಇದು ಕಷ್ಟ, ನನಗೂ ಕಷ್ಟವೇ. ಅವರು ಎಲ್ಲಿ ತಡವರಿಸಿದರು ಅಂತ ಬರೆದುಕೊಳ್ಳಿ. ಮೂರು ಮನೆಯವರು ಒಂದೇ ಕಡೆ ನಿಂತರೆ ಆ ಕಾರ್ಡನ್ನು ತಿದ್ದಿ.

ಇದೆಲ್ಲ ಮುಗಿಯುವವರೆಗೆ ಪ್ರೆಸ್ಸಿಗೆ ಕೊಡಬೇಡಿ, ಕೈಯಲ್ಲಿ ಬರೆದ ಕಾರ್ಡೇ ಸಾಕು. 'ದುಡ್ಡು ಕೊಡಿ, ಹಿಟ್ ಆಟ ಮಾಡಿಕೊಡುತ್ತೇವೆ' ಅನ್ನುವವರ ಹತ್ತಿರ ಹೋಗಲೇಬೇಡಿ. ನಿಮ್ಮ ಆಟವನ್ನು ಒಂದು ಸಲವೂ ಆಡಿ ನೋಡದೆ ಗ್ಯಾರಂಟಿ ಕೊಡುವವರು ಮೋಸಗಾರರು.

ಪ್ರಶ್ನೆ: ಹೊಸಬರೂ ಗೆಲ್ಲಲಿ ಅಂತ ಅದೃಷ್ಟದ ಕಾರ್ಡ್ ಜಾಸ್ತಿ ಹಾಕಲಾ?

ಬೇಡ. ಯಾಕೆ ಸೋತೆ ಅಂತ ಗೊತ್ತಾದರೆ ಇನ್ನೊಂದು ಆಟಕ್ಕೆ ಅವರೇ ಎಲೆ ಹಂಚುತ್ತಾರೆ.

ಪ್ರಶ್ನೆ: ನಾಲ್ಕು ಬಣ್ಣ ಇದೆಯಲ್ಲ, ಗುರುತು ಬೇರೆ ಯಾಕೆ?

ಕೆಂಪು ಹಸಿರಿನ ವ್ಯತ್ಯಾಸ ಕಾಣದವರು ಎಷ್ಟೋ ಜನ ಇದ್ದಾರೆ, ಅದನ್ನು ಹೇಳಿಕೊಳ್ಳುವುದಿಲ್ಲ. ಗುರುತು ಹಾಕಿ.

ಪ್ರಶ್ನೆ: ಕಾರ್ಡಿನಲ್ಲಿ ಕನ್ನಡಕ್ಕೆ ಜಾಗ ಸಾಲುವುದಿಲ್ಲ. ಇಂಗ್ಲಿಷ್ ಹಾಕಲಾ?

ಸುಮ್ನೆ ಕನ್ನಡವನ್ನು ದೂರಬೇಡಿ. ನೀವು ಕಳಿಸಿದ ಕಾರ್ಡಿನಲ್ಲಿ 'ನಿಮ್ಮ ಕೈಯಲ್ಲಿರುವ ಯಾವುದಾದರೂ ಒಂದು ಕಾರ್ಡನ್ನು ಬದಲಾಯಿಸಿಕೊಳ್ಳಬಹುದು' ಅಂತಿದೆ. 'ಒಂದು ಕಾರ್ಡ್ ಬದಲಿಸಿ' ಅನ್ನಿ. ಉಳಿದ ಜಾಗವನ್ನು ಒತ್ತಕ್ಷರಕ್ಕೆ ಬಿಡಿ.