ಏರು ಹತ್ತುವಾಗ ತೊಡೆ ನಡುಗುತ್ತಿದೆ, ಗ್ರೋತ್ ಹಾರ್ಮೋನ್ ಚುಚ್ಚುಮದ್ದು ತೆಗೆದುಕೊಳ್ಳಲೇ?

ಪ್ರಶ್ನೆ: ನನಗೀಗ 66 ವರ್ಷ. ಶಿರಸಿ ಹತ್ತಿರ ಅಡಿಕೆ ತೋಟವಿದೆ. ನಾಲ್ಕು ವರ್ಷದ ಹಿಂದಿನವರೆಗೂ ಸೊಪ್ಪಿನ ಬೆಟ್ಟದಿಂದ ದರಕಿನ (ಒಣ ಎಲೆಯ) ಹೊರೆ ಹೊತ್ತು ಇಳಿಯುತ್ತಿದ್ದೆ. ಈಗ ತೋಟದಿಂದ ಮನೆಯ ಏರು ಹತ್ತುವಷ್ಟರಲ್ಲೇ ತೊಡೆ ನಡುಗುತ್ತದೆ. ಶುಗರ್ ಗಡಿಯಲ್ಲಿದೆ, ಮಾತ್ರೆ ಶುರುಮಾಡಿಲ್ಲ. ವಯಸ್ಸಾದಂತೆ ಇಳಿಯುವ ಗ್ರೋತ್ ಹಾರ್ಮೋನನ್ನು ಚುಚ್ಚಿಸಿಕೊಂಡರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ಮತ್ತೆ ಚುರುಕಾಗುತ್ತವಂತೆ, ಬೆಂಗಳೂರಿಗೆ ಬನ್ನಿ ಎಂದು ಮಗ ಕರೆಯುತ್ತಿದ್ದಾನೆ. ಹೋಗಲೇ?

ಉತ್ತರ: ಮಗನ ಮನೆಗೆ ಹೋಗಿಬನ್ನಿ, ಚುಚ್ಚುಮದ್ದು ಮಾತ್ರ ಬೇಡ. ಶುಗರ್ ಗಡಿಯಲ್ಲಿರುವ ನಿಮಗಂತೂ ಖಂಡಿತ ಬೇಡ. ಗ್ರೋತ್ ಹಾರ್ಮೋನ್ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುತ್ತದೆ. ಇದನ್ನು ಪಡೆದ ಆರೋಗ್ಯವಂತ ಹಿರಿಯರಲ್ಲಿ ಕಾಲು ಬಾವು, ಕೀಲುನೋವು, ಮಣಿಕಟ್ಟಿನ ನರ ಒತ್ತಿ ಕೈ ಜೋಮು ಹಿಡಿಯುವುದು, ಸಕ್ಕರೆ ಏರುವುದು ಮತ್ತೆ ಮತ್ತೆ ಕಂಡಿವೆ.

ಮಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಗಾಢ ನಿದ್ದೆಯ ಹೊತ್ತಿನಲ್ಲಿ ಈ ಹಾರ್ಮೋನನ್ನು ಹೆಚ್ಚಾಗಿ ಸುರಿಸುತ್ತದೆ. ಅದರ ಸೂಚನೆಯಂತೆ ಯಕೃತ್ತು ಐಜಿಎಫ್-1 ಎಂಬ ಬೆಳವಣಿಗೆಯ ಅಂಶವನ್ನು ತಯಾರಿಸುತ್ತದೆ. ವಯಸ್ಸಾದಂತೆ ಎರಡೂ ಇಳಿಯುತ್ತವೆ, ಸ್ನಾಯುವಿನ ಮೈಟೊಕಾಂಡ್ರಿಯಗಳೂ ಸೊರಗುತ್ತವೆ. ಹಾಗಾದರೆ ಇಳಿದದ್ದನ್ನು ತುಂಬಿದರೆ ಸರಿಹೋಗಬೇಕಲ್ಲ ಎಂದು ಯಾರಿಗಾದರೂ ಅನಿಸುತ್ತದೆ.

ಹಾಗೆ ತುಂಬಿ ನೋಡಿದ್ದೂ ಆಗಿದೆ. 1990ರ ಜುಲೈನಲ್ಲಿ ಅಮೆರಿಕದ ಡೇನಿಯಲ್ ರಡ್ಮನ್ ತಂಡದ ವರದಿ ಬಂತು. 60 ದಾಟಿದ 12 ಗಂಡಸರಿಗೆ ಆರು ತಿಂಗಳು ಚುಚ್ಚುಮದ್ದು ಕೊಟ್ಟಿದ್ದರು. ಕೊಬ್ಬಿಲ್ಲದ ಮೈತೂಕ ಶೇ 8.8 ಏರಿತು, ಕೊಬ್ಬು ಶೇ 14.4 ಕರಗಿತು. ಹಾರ್ಮೋನ್ ಮಾರುವವರು ಇಂದಿಗೂ ಇದನ್ನೇ ತೋರಿಸುತ್ತಾರೆ. ಆದರೆ ಆ ಪ್ರಯೋಗದಲ್ಲಿ ಕಾಲಿನ ಬಲವನ್ನು ಅಳೆದಿರಲಿಲ್ಲ. 1996ರಲ್ಲಿ ಇನ್ನೊಂದು ತಂಡ ಅಳೆಯಿತು. ಕೊಬ್ಬಿಲ್ಲದ ಮೈತೂಕ ಕೂಡಿತ್ತು, ಬಲವಾಗಲಿ ದಮ್ಮಾಗಲಿ ಹೆಚ್ಚಿರಲಿಲ್ಲ. ಏರು ಹತ್ತಬೇಕಾದ ನಿಮಗೆ ಬೇಕಿರುವುದು ಅದೇ ಅಲ್ಲವೇ?

ರಡ್ಮನ್ ವರದಿಗೆ ಒಂದು ತಿಂಗಳ ಮೊದಲು, ಅದೇ 1990ರ ಜೂನ್‌ನಲ್ಲಿ, ಮರಿಯಾ ಫಿಯಟರೋನ್ ತಂಡ ವೃದ್ಧಾಶ್ರಮವೊಂದರ 90ರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದ ವರದಿ ಪ್ರಕಟಿಸಿತ್ತು. ತೊಡೆಯ ಬಲ ಸರಾಸರಿ ಶೇ 174 ಹೆಚ್ಚಿತ್ತು. ಸೂಜಿಯ ಸುದ್ದಿ ಊರೆಲ್ಲ ತಿರುಗಿತು, ಇದು ಮಾತ್ರ ಬಹಳ ಜನರ ಕಿವಿಗೆ ಬೀಳಲೇ ಇಲ್ಲ. ಈ ಒಂದು ಸಂಗತಿ ನನಗೆ ಇವತ್ತಿಗೂ ಸಂಕಟ ತರುತ್ತದೆ.

ಇನ್ನು ಮೈಟೊಕಾಂಡ್ರಿಯದ ಮಾತು. ನಿಮ್ಮ ತೋಟದಲ್ಲಿ ಸತ್ತ ಮರ ಕಡಿದು ತೆಗೆದರೆ ತಾನೆ ಹೊಸ ಸಸಿಗೆ ಬೆಳಕು? ಜೀವಕೋಶವೂ ಹಾಳಾದ ಮೈಟೊಕಾಂಡ್ರಿಯವನ್ನು ಅರಗಿಸಿ ತೆಗೆದು ಹೊಸದಕ್ಕೆ ಜಾಗ ಮಾಡುತ್ತದೆ. ಐಜಿಎಫ್-1 ಕಟ್ಟುವ ಕೆಲಸದ ಸಂಕೇತ, ಅದು ಸದಾ ಜೋರಾಗಿದ್ದರೆ ಈ ಶುಚಿ ಕೆಲಸ ತಗ್ಗುತ್ತದೆ. 1993ರಲ್ಲಿ ಸಿಂಥಿಯಾ ಕೆನ್ಯನ್ ತಂಡ ಇಂಥದೇ ಸಂಕೇತದ ಒಂದು ಜೀನ್ ಕುಂದಿದ ಪುಟ್ಟ ಹುಳುಗಳು ದುಪ್ಪಟ್ಟು ಕಾಲ ಬದುಕಿದ್ದನ್ನು ಕಂಡಿತು. ಹುಟ್ಟಿನಿಂದಲೇ ಗ್ರೋತ್ ಹಾರ್ಮೋನ್ ಇಲ್ಲದ ಗಿಡ್ಡ ಇಲಿಗಳೂ ಉಳಿದವಕ್ಕಿಂತ ಹೆಚ್ಚು ಕಾಲ ಬದುಕುತ್ತವೆ. ಮನುಷ್ಯರಿಗೆ ಇದನ್ನು ನೇರವಾಗಿ ಅನ್ವಯಿಸಬಾರದು, ಆದರೂ ಹೆಚ್ಚು ಹಾರ್ಮೋನ್ ಅಂದರೆ ಹೆಚ್ಚು ಯೌವನ ಎಂಬ ಲೆಕ್ಕ ನಿಲ್ಲುವುದಿಲ್ಲ.

ದುಡಿದ ಸ್ನಾಯು ತನಗೆ ಬೇಕಾದಷ್ಟು ಐಜಿಎಫ್-1 ಅನ್ನು ತನ್ನಲ್ಲೇ ಮಾಡಿಕೊಳ್ಳುತ್ತದೆ. ದಮ್ಮು ಬೇಡುವ ಕೆಲಸ ಹೊಸ ಮೈಟೊಕಾಂಡ್ರಿಯಗಳನ್ನು ಹುಟ್ಟಿಸುತ್ತದೆ; ಇಲಿಗಳನ್ನು ಓಡಿಸಿ ಜಾನ್ ಹೊಲೊಸ್ಜಿ ಇದನ್ನು 1967ರಲ್ಲೇ ತೋರಿಸಿದ್ದರು.

ಮೊದಲು ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ, ಥೈರಾಯ್ಡ್, ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷೆ ಮಾಡಿಸಿ. ಸಸ್ಯಾಹಾರಿಯಾಗಿದ್ದರೆ ಬಿ12 ಬಿಡಲೇಬೇಡಿ. ಏರು ಹತ್ತುವಾಗ ಎದೆ ಹಿಡಿದರೆ ಅಥವಾ ಏದುಸಿರು ಬಂದರೆ ಹೃದಯದ ಪರೀಕ್ಷೆ ಆಗುವವರೆಗೆ ಯಾವ ವ್ಯಾಯಾಮವೂ ಬೇಡ. ಎಲ್ಲ ಸರಿಯಿದ್ದರೆ ಜಗುಲಿಯ ಕಟ್ಟೆಯ ಮೇಲೆ ಕೂತು, ಕೈ ಊರದೆ ಎಂಟು ಸಲ ಏಳಿ. ಸ್ವಲ್ಪ ಸುಧಾರಿಸಿಕೊಂಡು ಇನ್ನೆರಡು ಸುತ್ತು. ವಾರಕ್ಕೆ ಮೂರು ದಿನ ಸಾಕು. ಸಲೀಸಾದ ಮೇಲೆ ಎದೆಗವುಚಿ ಎರಡು ಕಿಲೋ ಅಕ್ಕಿ ಚೀಲ ಹಿಡಿದು ಏಳಿ, ಭಾರವನ್ನು ಹದವಾಗಿ ಏರಿಸಿ. ದರಕಿನ ಸಣ್ಣ ಹೊರೆ ಆಮೇಲೆ. ಊಟದಲ್ಲಿ ತಂಬುಳಿ, ಅಪ್ಪೆಹುಳಿ ಇರಲಿ, ಆದರೆ ಅವುಗಳಲ್ಲಿ ಪ್ರೋಟೀನ್ ಬಹಳ ಕಡಿಮೆ. ಮೂತ್ರಪಿಂಡದ ತೊಂದರೆಯಿಲ್ಲದಿದ್ದರೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು. ಹುರುಳಿ, ಹೆಸರು, ಗಟ್ಟಿ ಮೊಸರು ಎರಡು ಹೊತ್ತೂ ಇರಲಿ.

ಪಿಟ್ಯುಟರಿಗೆ ಗಡ್ಡೆ, ಶಸ್ತ್ರಚಿಕಿತ್ಸೆಯಿಂದ ಹಾನಿಯಾಗಿ ಹಾರ್ಮೋನ್ ಕೊರತೆ ಸಾಬೀತಾದವರಿಗೆ ಈ ಚುಚ್ಚುಮದ್ದು ನಿಜವಾದ ಔಷಧಿ. ಅಂಥವರು ಇದನ್ನು ಓದಿ ನಿಲ್ಲಿಸಬಾರದು.

ಪ್ರಶ್ನೆ: ಕಾರವಾರದವಳು, 59 ವರ್ಷ. ದಿನಾ ಸಂಜೆ ಟ್ಯಾಗೋರ್ ಕಡಲತೀರದಲ್ಲಿ ನಡೆಯುತ್ತೇನೆ. ಮೈಟೊಕಾಂಡ್ರಿಯ ಕಾಪಾಡಲು ಎಂದು ಗೆಳತಿ ಹೆಚ್ಚು ಪ್ರಮಾಣದ ವಿಟಮಿನ್ ಸಿ, ಇ ಮಾತ್ರೆ ಕೊಟ್ಟಿದ್ದಾಳೆ. ನುಂಗಲೇ?

ಉತ್ತರ: ಬೇಡ ತಂಗಿ. ನಡೆಯುವಾಗ ಮೈಟೊಕಾಂಡ್ರಿಯದಿಂದ ಹೊರಡುವ ಸ್ವಲ್ಪ ಆಕ್ಸಿಡೀಕಾರಕಗಳೇ (ಆಮ್ಲಜನಕದ ಚುರುಕು ಕಣಗಳು) ದೇಹವನ್ನು ಗಟ್ಟಿಮಾಡುವ ಸೂಚನೆ; ಹೆಚ್ಚು ಪ್ರಮಾಣದ ಈ ವಿಟಮಿನ್‌ಗಳು ಆ ಸೂಚನೆಯನ್ನೇ ತಗ್ಗಿಸಬಹುದು. 2009ರ ಒಂದು ಜರ್ಮನ್ ಪ್ರಯೋಗದಲ್ಲಿ ವ್ಯಾಯಾಮದ ಜೊತೆ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ ಮತ್ತು ವಿಟಮಿನ್ ಇ ನುಂಗಿದ ಯುವಕರಿಗೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಲಾಭ ಸಿಗಲಿಲ್ಲ, ನುಂಗದವರಿಗೆ ಸಿಕ್ಕಿತು. ನೆಲ್ಲಿಕಾಯಿ, ಪೇರಲೆ ತಿನ್ನಿ. ನಡಿಗೆಯ ನಡುವೆ ನಾಲ್ಕು ಸಲ, ಮಾತಾಡಲು ಕಷ್ಟವಾಗುವಷ್ಟು ಬಿರುಸಾಗಿ ಎರಡೆರಡು ನಿಮಿಷ ನಡೆಯಿರಿ, ಅಲೆ ತಾಗಿ ಗಟ್ಟಿಯಾದ ಮರಳಿನ ಮೇಲೆ.