ಪಾಸ್ಟರ್ ಅಪ್ಪಣೆ, ಚರ್ಚ್ ರಿಜಿಸ್ಟರು, ಅಮ್ಮನ ಉಪವಾಸ

ಪ್ರಶ್ನೆ: ನಾವು ಹೋಗುವುದು ಒಂದು ಸ್ವತಂತ್ರ ಸಭೆಗೆ. ಕೆಲಸ ಬದಲಿಸಲು, ಮಗಳಿಗೆ ಗಂಡು ನೋಡಲು ಪಾಸ್ಟರ್ ಒಪ್ಪಿಗೆ ಬೇಕಂತೆ. ಇಲ್ಲದಿದ್ದರೆ ಇಬ್ರಿಯ 13:17ಕ್ಕೆ ಅವಿಧೇಯರಾದಂತೆ. ಸಭೆ ಬಿಟ್ಟರೆ ಶಾಪ ತಟ್ಟುತ್ತದೆ ಎನ್ನುತ್ತಾರೆ. ಏನು ಮಾಡಲಿ?
— ಓದುಗರು, ಹೊರಮಾವು

ಉತ್ತರ: ಆ ವಚನವನ್ನು ಅರ್ಧಕ್ಕೆ ನಿಲ್ಲಿಸದೆ ಓದಿ. ನಾಯಕರ ಮಾತು ಕೇಳಿ ಎನ್ನುವ ವಾಕ್ಯವೇ, ಅವರು ನಿಮ್ಮ ಆತ್ಮಗಳ ಲೆಕ್ಕ ಒಪ್ಪಿಸಬೇಕಾದವರು ಎಂದೂ ಹೇಳುತ್ತದೆ. ಬೋಧನೆ, ನಡತೆ, ಸಭೆಯ ಶಿಸ್ತು ಅವರ ವ್ಯಾಪ್ತಿ. ನಿಮ್ಮ ಕಂಪನಿ, ಸಂಬಳ ಅದಕ್ಕೆ ಸೇರುವುದಿಲ್ಲ. ಮದುವೆಯಲ್ಲೂ ಅಷ್ಟೇ: ಹುಡುಗ ವಿಶ್ವಾಸಿಯೇ ಎಂದು ಪಾಸ್ಟರ್ ಕೇಳಬಹುದು (1 ಕೊರಿಂಥ 7:39), ಯಾವ ಮನೆಯ ಹುಡುಗ ಎಂದು ಅವರು ಗೊತ್ತುಮಾಡುವಂತಿಲ್ಲ. ಹಿಂಡಿನ ಮೇಲೆ ದೊರೆತನ ಮಾಡಬೇಡಿ ಎಂದು ಹಿರಿಯರಿಗೇ ಹೇಳುವ 1 ಪೇತ್ರ 5:3 ಭಾನುವಾರದ ಪ್ರಸಂಗಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ, ಬಿಡಿ. ಬೆರೋಯ ಎಂಬ ಊರಿನವರು ಅಪೊಸ್ತಲ ಪೌಲನ ಮಾತನ್ನೇ ಶಾಸ್ತ್ರ ತೆರೆದು ಪರೀಕ್ಷಿಸಿದರು, ಅದಕ್ಕಾಗಿ ಅವರಿಗೆ ಹೊಗಳಿಕೆಯೇ ಸಿಕ್ಕಿದ್ದು (ಅಪೊಸ್ತಲರ ಕೃತ್ಯಗಳು 17:11).

ಮಾತಾಡಲು ಮತ್ತಾಯ 18:15–17ರ ಕ್ರಮ ಹಿಡಿಯಿರಿ. ಮೊದಲು ಪಾಸ್ಟರ್ ಒಬ್ಬರ ಹತ್ತಿರವೇ ಹೋಗಿ, ಒಂದೇ ವಿಷಯ ಎತ್ತಿ. ಬಗೆಹರಿಯದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಆಮೇಲೆ ಹಿರಿಯರ ಮುಂದಿಡಿ. ಬಹಳ ಜನ ಎಡವುವುದು ಮೊದಲೇ ವಾಟ್ಸಾಪ್ ಗುಂಪಿನಲ್ಲಿ ಹಾಕಿ. ಆಗ ‘ಗುಂಪುಗಾರಿಕೆ’ ಎಂಬ ಹಣೆಪಟ್ಟಿ ಬಿದ್ದು ನಿಮ್ಮ ಪ್ರಶ್ನೆ ಅಲ್ಲೇ ಸಾಯುತ್ತದೆ. ಸಿಎಸ್‌ಐನಲ್ಲಾದರೆ (ದಕ್ಷಿಣ ಭಾರತ ಸಭೆ) ಸಭಾ ಸಮಿತಿ, ಅದರ ಮೇಲೆ ಬಿಷಪ್ ಇರುತ್ತಾರೆ. ಸ್ವತಂತ್ರ ಸಭೆಗಳಲ್ಲಿ ಎಷ್ಟೋ ಕಡೆ ಪಾಸ್ಟರ್ ಮನೆಯವರೇ ಟ್ರಸ್ಟಿಗಳು, ದೂರಿಗೆ ಜಾಗವೇ ಇರುವುದಿಲ್ಲ. ಟ್ರಸ್ಟಿಗಳು ಯಾರು, ಲೆಕ್ಕ ಯಾರು ನೋಡುತ್ತಾರೆ ಎಂದು ಕೇಳಿ. ಕೇಳಿದ್ದಕ್ಕೇ ಸಿಟ್ಟು ಬಂದರೆ ಅಲ್ಲಿಗೆ ಉತ್ತರ ಸಿಕ್ಕಂತೆ.

ಬಿಡುವುದೇ ಆದರೆ ಎರಡು ಸಾಲು ಬರೆದು ಕೊಡಿ, ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಸರ್ಟಿಫಿಕೇಟ್ ಕೇಳಿ. ಕೊಡದಿದ್ದರೂ ದೀಕ್ಷಾಸ್ನಾನ ರದ್ದಾಗುವುದಿಲ್ಲ. ಅಂದು ಕಣ್ಣಾರೆ ಕಂಡ ಇಬ್ಬರ ಬರಹ, ಒಂದು ಫೋಟೊ ಇದ್ದರೆ ಹೊಸ ಸಭೆಯವರು ಸಾಮಾನ್ಯವಾಗಿ ಒಪ್ಪುತ್ತಾರೆ. ಶಾಪದ ಮಾತಿಗೆ, ಕ್ರಿಸ್ತನು ನಮ್ಮನ್ನು ಶಾಪದಿಂದ ಬಿಡಿಸಿದನೆನ್ನುವ ಗಲಾತ್ಯ 3:13 ಸಾಕು.

ಒಂದು ವಿಷಯದಲ್ಲಿ ಮಾತ್ರ ಈ ಮೆಟ್ಟಿಲುಗಳನ್ನು ಹತ್ತುತ್ತಾ ಕೂರಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದು ಗೊತ್ತಾದರೆ, ‘ಸಭೆಯ ಮರ್ಯಾದೆ’ ಎಂದು ಯಾರು ತಡೆದರೂ, ಪೊಲೀಸರಿಗೆ ತಿಳಿಸಬೇಕು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅದು ಕಡ್ಡಾಯ. ಮಕ್ಕಳ ಸಹಾಯವಾಣಿ 1098.

ಪ್ರಶ್ನೆ: ಹಾಸನದಿಂದ ಕೆಂಗೇರಿಗೆ ಬಂದು ಎಂಟು ತಿಂಗಳಾಯಿತು. ಸಮಯ ಹೊಂದುತ್ತದೆಂದು ಕನ್ನಡ ಪೂಜೆಗೆ ಶಿವಾಜಿನಗರದ ಕಥೋಲಿಕ ಚರ್ಚಿಗೆ ಹೋಗುತ್ತೇವೆ. ಮಗುವಿನ ಜ್ಞಾನಸ್ನಾನಕ್ಕೆ (ಬ್ಯಾಪ್ಟಿಸಂ) ‘ನಿಮ್ಮ ಧರ್ಮಕೇಂದ್ರದ (ಪ್ಯಾರಿಷ್) ಪತ್ರ ತನ್ನಿ’ ಎಂದರು. ಇಲ್ಲಿ ನಮ್ಮ ಹೆಸರೇ ಇಲ್ಲವಲ್ಲ?

ಉತ್ತರ: ಹೆಸರು ಬರೆಸದಿದ್ದರೂ ನೀವು ಅಲ್ಲಿಯವರೇ. 1983ರ ಕಥೋಲಿಕ ಕಾನೂನು ಸಂಹಿತೆಯ ಪ್ರಕಾರ ಒಂದು ಕಡೆ ಮೂರು ತಿಂಗಳು ವಾಸವಿದ್ದರೆ ಅಲ್ಲಿನ ಧರ್ಮಕೇಂದ್ರಕ್ಕೆ ಸೇರಿದಂತೆ. ಭಾನುವಾರದ ಪೂಜೆ ಯಾವ ಕಥೋಲಿಕ ಚರ್ಚಿನಲ್ಲಾದರೂ ನಡೆಯುತ್ತದೆ, ಶನಿವಾರ ಸಂಜೆಯದೂ ಸಲ್ಲುತ್ತದೆ. ಮಗುವಿನ ಜ್ಞಾನಸ್ನಾನ ಮಾತ್ರ ತಂದೆತಾಯಿಯ ಧರ್ಮಕೇಂದ್ರದಲ್ಲೇ ಆಗಬೇಕೆಂಬುದು ನಿಯಮ. ಬೇರೆಡೆಯಾದರೆ ತಕ್ಕ ಕಾರಣ ಬೇಕು, ಅದಕ್ಕೇ ಪತ್ರ. ಹತ್ತಿರದ ಚರ್ಚ್ ಆಫೀಸಿಗೆ ನಿಮ್ಮಿಬ್ಬರ ಜ್ಞಾನಸ್ನಾನ ಪತ್ರ, ಚರ್ಚಿನ ಮದುವೆ ಪತ್ರ, ಮಗುವಿನ ಜನನ ಪ್ರಮಾಣಪತ್ರ, ವಿಳಾಸದ ದಾಖಲೆ ಒಯ್ಯಿರಿ.

ತೊಡಕು ಬರುವುದು ಸಾಮಾನ್ಯವಾಗಿ ಜ್ಞಾನ ತಂದೆತಾಯಿಯ (ಗಾಡ್‌ಪೇರೆಂಟ್ಸ್) ಆಯ್ಕೆಯಲ್ಲಿ. 16 ತುಂಬಿರಬೇಕು, ದೃಢೀಕರಣ (ಕನ್ಫರ್ಮೇಶನ್) ಆಗಿರಬೇಕು, ಕಥೋಲಿಕರಾಗಿರಬೇಕು. ಒಬ್ಬರಿದ್ದರೂ ಸಾಕು. ಸಿಎಸ್‌ಐ ಸ್ನೇಹಿತರು ಅವರ ಜೊತೆಗೆ ಸಾಕ್ಷಿಯಾಗಿ ನಿಲ್ಲಬಹುದು. ಮಗುವಿನ ಹೆಸರಿನ ಕಾಗುಣಿತ ಜನನ ಪ್ರಮಾಣಪತ್ರ, ಚರ್ಚ್ ರಿಜಿಸ್ಟರು ಎರಡರಲ್ಲೂ ಒಂದೇ ಇದೆಯೇ ಎಂದು ಅಂದೇ ನೋಡಿಕೊಳ್ಳಿ: ಮುಂದೆ ದೃಢೀಕರಣ, ಮದುವೆ ಎಲ್ಲವೂ ಜ್ಞಾನಸ್ನಾನದ ಅದೇ ರಿಜಿಸ್ಟರಿನಲ್ಲಿ ದಾಖಲಾಗುತ್ತವೆ, ಮದುವೆ ಹೊತ್ತಿಗೆ ಪತ್ರ ತೆಗೆಸುವುದೂ ಅಲ್ಲಿಂದಲೇ.

ಪ್ರಶ್ನೆ: ಅಮ್ಮನಿಗೆ 68, ಸಕ್ಕರೆ ಕಾಯಿಲೆ. ‘ತಿರುಸಭೆಯ (ಕಥೋಲಿಕ ಸಭೆಯ) ಆಜ್ಞೆ’ ಎಂದು ಈಸ್ಟರಿಗೆ ಮುಂಚಿನ ತಪಸ್ಸುಕಾಲವಿಡೀ ಉಪವಾಸ ಮಾಡುತ್ತಾರೆ.

ಉತ್ತರ: ಆ ಆಜ್ಞೆ ಅವರಿಗೆ ಅನ್ವಯಿಸುವುದೇ ಇಲ್ಲ. ಕಡ್ಡಾಯ ಉಪವಾಸ ಎರಡೇ ದಿನ, ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಂದ 59 ತುಂಬುವವರೆಗೆ. ಕಾಯಿಲೆಯವರಿಗೆ ಯಾವ ವಯಸ್ಸಿನಲ್ಲೂ ವಿನಾಯಿತಿ. ಸಕ್ಕರೆ ಮಾತ್ರೆ, ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಇಳಿದು ತಲೆಸುತ್ತಿ ಬೀಳುವ ಅಪಾಯವಿದೆ. ಮಾಂಸ ಬಿಡಲಿ, ಹೊತ್ತಿಗೆ ಸರಿಯಾಗಿ ಉಣ್ಣಲಿ. ನಿಮ್ಮ ಮಾತು ಕೇಳದಿದ್ದರೆ ಫಾದರ್ ಬಾಯಿಂದಲೇ ಹೇಳಿಸಿ.